ಲುತ್ವಾಮನ ಅಂಗಡಿಗೆ ಅತ್ತೆ ಬಂದ ದಿನ

ಮಸಾಕಾ ಪಕ್ಕದ ನ್ಯೆಂಡೊ ಪೇಟೆಯಲ್ಲಿ ಲುತ್ವಾಮನ ಅಂಗಡಿ ಎಂದರೆ ಯಾರನ್ನು ಕೇಳಿದರೂ ತೋರಿಸುತ್ತಾರೆ. ಟ್ಯಾಕ್ಸಿ ನಿಲ್ದಾಣದಿಂದ ಇಳಿಜಾರಿಗೆ ಇಳಿದರೆ ಬಲಗಡೆ, ನೀಲಿ ಬಾಗಿಲು. ಜೋಳದ ಹಿಟ್ಟು, ಸಕ್ಕರೆ, ಸೀಮೆಎಣ್ಣೆ, ಬೇಕಾದಷ್ಟು ಉದ್ದಕ್ಕೆ ಕತ್ತರಿಸಿ ಕೊಡುವ ಬಟ್ಟೆ ಸಾಬೂನು, ಮಕ್ಕಳ ಚಪ್ಪಲಿ, ಎಲ್ಲವೂ ಅಲ್ಲಿ ಸಿಗುತ್ತಿತ್ತು. ಜೊತೆಗೆ ಲುತ್ವಾಮನ ಮಾತೂ ಸಿಗುತ್ತಿತ್ತು. ಗಿರಾಕಿಗಳನ್ನು ಕಿಚಾಯಿಸದೆ ಅವನು ಒಂದು ಪೊಟ್ಟಣವನ್ನೂ ಕಟ್ಟಿದವನಲ್ಲ. ಬಾಯಿಬಡುಕ ಅಷ್ಟೇ, ಮನುಷ್ಯ ಕೆಟ್ಟವನಲ್ಲ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವನೂ ಹಾಗೇ ಅಂದುಕೊಂಡಿದ್ದ.

ರೋಗದ ವರ್ಷ ಬಂತು. ಮಾಸ್ಕ್ ಹಾಕಿಕೊಳ್ಳದವರಿಗೆ ಅಂಗಡಿಯಲ್ಲಿ ಏನೂ ಕೊಡಬಾರದು ಎಂದು ಸರ್ಕಾರ ಆಜ್ಞೆ ಮಾಡಿದಾಗ ಮೊದಲು ನಕ್ಕವನು ಲುತ್ವಾಮನೇ.

"ಆ ರೋಗ ವಿಮಾನದಲ್ಲಿ ಬರೋದು ಕಣ್ರಯ್ಯ. ನ್ಯೆಂಡೊಗೆ ಬಾಳೆಗೊನೆ ಲಾರಿ ಬಿಟ್ರೆ ಇನ್ನೇನು ಬರುತ್ತೆ? ಬಾಳೆಕಾಯಿ ಕೆಮ್ಮೋದನ್ನ ನೀವು ಯಾರಾದ್ರೂ ಕೇಳಿದೀರಾ?" ಎನ್ನುತ್ತಿದ್ದ.

ಜನರೂ ಅವನ ಥರವೇ ಇದ್ದರು. ಬಾಡಿಗೆಗೆ ಓಡಿಸುವ ಬೋಡಾ ಬೈಕಿನ ಹುಡುಗರು ಮಾಸ್ಕನ್ನು ಹಣೆಯ ಮೇಲೆ ಏರಿಸಿಕೊಂಡು ತಿರುಗುತ್ತಿದ್ದರು. ಅಂಗಡಿಯೊಳಗೆ ಹೋದವಳು ಹೊರಗೆ ಬಂದು ತನ್ನ ಮಾಸ್ಕ್ ಬಿಚ್ಚಿ, ಬಾಗಿಲಲ್ಲಿ ಕಾಯುತ್ತಿದ್ದ ತಂಗಿಗೆ ಕೊಡುವಳು. ತಂಗಿ ಅದನ್ನೇ ಹಾಕಿಕೊಂಡು ಒಳಗೆ ಹೋಗುವಳು. ದೇವರ ಮೇಲೆ ನಂಬಿಕೆ ಇದ್ದವರಿಗೆ ಇದೆಲ್ಲ ಬೇಡ ಎನ್ನುವವರಿದ್ದರು. ನಿಜವಾಗಿ ಹೆದರಿ ಮೂಗು ಬಾಯಿ ಸರಿಯಾಗಿ ಮುಚ್ಚಿಕೊಂಡು ಓಡಾಡುವವರೂ ಕೆಲವರಿದ್ದರು. ಅವರನ್ನು ಕಂಡರೆ ಲುತ್ವಾಮ, "ಏನ್ರೀ, ಬ್ಯಾಂಕ್ ದೋಚೋಕೆ ಹೊರಟ್ರಾ?" ಎಂದು ಕೂಗುತ್ತಿದ್ದ.

ಒಂದು ಮಧ್ಯಾಹ್ನ ತಪಾಸಣೆಯವರು ಬಂದಾಗ ಅಂಗಡಿ ತುಂಬ ಬರಿಮುಖಗಳೇ ಇದ್ದವು. ಎಲ್ಲರನ್ನೂ ಹೊರಗೆ ಕಳಿಸಿ ನೀಲಿ ಬಾಗಿಲಿಗೆ ಬೀಗ ಜಡಿದರು. ಲುತ್ವಾಮ ಕಚೇರಿಯಿಂದ ಕಚೇರಿಗೆ ಅಲೆದು ಬೀಗ ತೆಗೆಸುವ ಹೊತ್ತಿಗೆ ಒಳಗಿದ್ದ ಹಿಟ್ಟಿಗೆ ಹುಳ ಬಿದ್ದಿತ್ತು. ಅಲ್ಲಿಂದ ಅವನು ಬೇರೆ ಮನುಷ್ಯನಾದ. ರೋಗದ ಭಯ ಅವನಿಗೆ ಆಗಲೂ ಹುಟ್ಟಲಿಲ್ಲ, ಹುಟ್ಟಿದ್ದು ಬೀಗದ ಭಯ. ಬಾಗಿಲ ಪಕ್ಕ ಕೈ ತೊಳೆಯಲು ನೀರಿನ ಕ್ಯಾನು ಇಟ್ಟ, ಒಂದು ಬೆತ್ತವನ್ನೂ ಇಟ್ಟ. ಮಾಸ್ಕ್ ಇಲ್ಲದೆ ಬಂದವರನ್ನು ಕೂಗಾಡಿ ಓಡಿಸತೊಡಗಿದ. ಆದರೆ ಎಲ್ಲರನ್ನೂ ಅಲ್ಲ. ಮೇಲಿನ ರಸ್ತೆಯ ಸಿಮೆಂಟ್ ಸಾಹುಕಾರ ಬರಿಮುಖದಲ್ಲಿ ಬಂದರೆ ಕುರ್ಚಿ ಎಳೆದು ಕೂರಿಸುತ್ತಿದ್ದ. ಇದ್ದಿಲು ಮಾರುವ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಂದರೆ ಬೆತ್ತ ಎತ್ತುತ್ತಿದ್ದ. ಅವನ ಸ್ವಂತ ಮಾಸ್ಕ್ ಸದಾ ಗದ್ದದ ಕೆಳಗೇ ಇರುತ್ತಿತ್ತು. ದೂರದಲ್ಲಿ ಪೊಲೀಸ್ ಗಾಡಿ ಕಂಡರೆ ಮಾತ್ರ ಮೇಲೇರುತ್ತಿತ್ತು.

ಅದೇ ಸಮಯದಲ್ಲಿ ಅವನ ಮನೆಯಲ್ಲಿ ದೊಡ್ಡ ಸಂತೋಷದ ಸಂಗತಿಯೊಂದು ನಡೆದಿತ್ತು. ಅವನ ಹೆಂಡತಿ ನಬಕೋಜಳಿಗೆ, ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ, ಹೆಣ್ಣುಮಗು ಹುಟ್ಟಿತ್ತು. ಊರಿನಿಂದೂರಿಗೆ ಗಾಡಿಗಳೇ ಓಡದಿದ್ದ ದಿನಗಳು ಅವು. ನಬಕೋಜಳ ತಾಯಿ ತಿಯೋಪಿಸ್ತಾ ಕಲುಂಗುವಿನ ಕಡೆಯ ಹಳ್ಳಿಯಲ್ಲಿ ಒಬ್ಬಳೇ ಇದ್ದಳು. ಮೊದಲ ಮೊಮ್ಮಗುವನ್ನು ಅವಳು ನೋಡಿರಲಿಲ್ಲ. ಅದರ ಅಳುವನ್ನು ಫೋನಿನಲ್ಲಿ ಕೇಳಿದ್ದಳು ಅಷ್ಟೇ.

ನಮ್ಮಲ್ಲಿ ಅಳಿಯ ಅತ್ತೆಯ ಹತ್ತಿರ ಸುಳಿಯುವುದಿಲ್ಲ. ಮುಖ ಕೊಟ್ಟು ನೋಡುವುದಿಲ್ಲ, ನೇರ ಮಾತಾಡುವುದಿಲ್ಲ. ದಾರಿಯಲ್ಲಿ ಎದುರಾದರೆ ಒಬ್ಬರು ಪಕ್ಕದ ತೋಟಕ್ಕೆ ಇಳಿಯುತ್ತಾರೆ. ಮುಟ್ಟುವುದಂತೂ ಕನಸಿನಲ್ಲೂ ಇಲ್ಲ. ಅತ್ತೆಯನ್ನು ಮುಟ್ಟಿದವನಿಗೆ ಕೈ ನಡುಗುವ ರೋಗ ಬರುತ್ತದೆ ಎಂದು ನಮ್ಮ ಅಜ್ಜಿಯರು ಹೆದರಿಸುತ್ತಿದ್ದರು. ಈಗಿನ ಹುಡುಗರು ಸ್ವಲ್ಪ ಸಡಿಲ ಬಿಟ್ಟಿದ್ದಾರೆ. ಲುತ್ವಾಮ ಮಾತ್ರ ಈ ಒಂದು ವಿಷಯದಲ್ಲಿ ಹಳಬ. ಮದುವೆಯ ದಿನ ದೂರದಿಂದ, ಪರದೆಯ ಅಂಚಿನಲ್ಲಿ, ಅತ್ತೆಯ ಮೊಣಕಾಲು ಮತ್ತು ಉಟ್ಟ ಬಟ್ಟೆಯ ಬಣ್ಣ ನೋಡಿದ್ದ. ಆಮೇಲೆ ಒಂದೆರಡು ಸಾವು-ಮದುವೆಗಳಲ್ಲಿ ಅವಳ ಬೆನ್ನು ಕಂಡಿದ್ದ. ಅತ್ತೆಗೆ ನಾನು ಕೊಡುವಷ್ಟು ಮರ್ಯಾದೆ ಈ ಪೇಟೆಯಲ್ಲಿ ಯಾರೂ ಕೊಡುವುದಿಲ್ಲ ಎಂಬುದು ಅವನ ಹೆಮ್ಮೆ.

ಗಾಡಿಗಳು ಮತ್ತೆ ಓಡಲು ಶುರುವಾದ ವಾರದಲ್ಲೇ ತಿಯೋಪಿಸ್ತಾ ಹೊರಟಳು. ತಾಯಿ ಮಗಳು ಎಲ್ಲ ಮಾತಾಡಿಕೊಂಡಿದ್ದರು. ಗುರುವಾರ ಬೆಳಿಗ್ಗೆ ಲುತ್ವಾಮ ಸಾಮಾನು ತರಲು ಮಸಾಕಾದ ಸಗಟು ಅಂಗಡಿಗೆ ಹೋಗುತ್ತಾನೆ. ಅಂಗಡಿಯಲ್ಲಿ ಕೆಲಸದ ಹೆಂಗಸು ಕೆವಿನಾ ಒಬ್ಬಳೇ ಇರುತ್ತಾಳೆ. ತಾಯಿ ಅಂಗಡಿಗೆ ಬಂದರೆ ಕೆವಿನಾ ಅವಳನ್ನು ಹಿಂದಿನ ಓಣಿಯ ಮನೆಗೆ ಕರೆದುಕೊಂಡು ಹೋಗುತ್ತಾಳೆ. ಅಳಿಯ ಬರುವಷ್ಟರಲ್ಲಿ ಮಗುವನ್ನು ಎತ್ತಿ ಆಡಿಸಿ, ಅವಳು ಹೊರಟುಬಿಡಬೇಕು. ಲುತ್ವಾಮನಿಗೆ ನಬಕೋಜ ಇಷ್ಟೇ ಹೇಳಿದ್ದಳು: "ಇವತ್ತು ಅಮ್ಮ ಬರ್ತಾಳೆ, ನೀವು ನಿಧಾನವಾಗಿ ಬನ್ನಿ." ಅವನು ಅದಕ್ಕೆ ಸಂತೋಷದಿಂದ ಒಪ್ಪಿದ್ದ.

ಆದರೆ ಆ ಗುರುವಾರ ಸಗಟು ಅಂಗಡಿಯವನು ಲಾರಿ ಬಂದಿಲ್ಲ, ಮಧ್ಯಾಹ್ನದ ಮೇಲೆ ಬನ್ನಿ ಎಂದು ಫೋನ್ ಮಾಡಿದ. ಲುತ್ವಾಮ ಉಳಿದುಕೊಂಡ. ಅತ್ತೆ ಬರುವುದು ಊಟದ ಹೊತ್ತಿಗೆ, ಬರುವುದು ಮನೆಗೆ ಎಂದು ಅವನ ಲೆಕ್ಕ. ಹನ್ನೊಂದರ ಸುಮಾರಿಗೆ ಅಂಗಡಿ ತುಂಬಿತ್ತು. ಕೆವಿನಾ ಒಳಕೋಣೆಯಲ್ಲಿ ಹಿಟ್ಟು ತೂಗುತ್ತಿದ್ದಳು. ಲುತ್ವಾಮ ಹುರಿದ ಕಡಲೆಕಾಯಿ ಮೆಲ್ಲುತ್ತಾ ಎಲ್ಲರ ಜೊತೆ ಹರಟುತ್ತಿದ್ದ.

ಬಾಗಿಲಲ್ಲಿ ಒಬ್ಬ ಮುದುಕಿ ಬಂದು ನಿಂತಳು. ಮಾಸಿದ ಗೋಮೆಸಿ ನಿಲುವಂಗಿ ತೊಟ್ಟಿದ್ದಳು, ಅದರ ಭುಜದ ಮಡಿಕೆಗಳು ಮಾತ್ರ ನೆಟ್ಟಗೆ ನಿಂತಿದ್ದವು. ಕೈಯಲ್ಲಿ ಬಾಳೆ ಎಲೆ ಮುಚ್ಚಿದ ಬುಟ್ಟಿ. ಮುಖಕ್ಕೆ ಹೂವಿನ ಬಟ್ಟೆಯಲ್ಲಿ ಮನೆಯಲ್ಲೇ ಹೊಲಿದ ಮಾಸ್ಕ್. ಕ್ಯಾನಿನ ನೀರಿನಲ್ಲಿ ಸಾಬೂನು ಹಚ್ಚಿ ನಿಧಾನವಾಗಿ ಕೈ ತೊಳೆದುಕೊಂಡು ಒಳಗೆ ಕಾಲಿಟ್ಟಳು. ಕೆವಿನಾಳನ್ನು ಹುಡುಕಿ ತಲೆ ಎತ್ತಿದಾಗ ಗಲ್ಲಾದ ಹಿಂದೆ ಅಳಿಯ ಕುಳಿತಿದ್ದ.

ಅವಳು ಹಿಂದಕ್ಕೆ ಸರಿಯಲು ನೋಡಿದಳು. ಬಾಗಿಲಲ್ಲಿ ಜನ ತುಂಬಿದ್ದರು. ಬಾಯಿ ಬಿಟ್ಟು ಅವನೊಂದಿಗೆ ಮಾತಾಡುವಂತಿಲ್ಲ. ಅವಳಿಗೆ ಹೊಳೆದದ್ದು ಒಂದೇ ದಾರಿ. ಮುಖವನ್ನು ಗೋಡೆಯ ಕಡೆ ವಾರೆ ಮಾಡಿ ಮಾಸ್ಕನ್ನು ಕೆಳಗೆ ಎಳೆದಳು. ಮಗಳಿಗೆ ನನ್ನದೇ ಮುಖ, ಅದನ್ನು ಕಂಡು ನಾನು ಯಾರು ಎಂದು ತಿಳಿದರೆ ಅವನೇ ಎದ್ದು ಒಳಗೆ ಹೋಗುತ್ತಾನೆ ಎಂದುಕೊಂಡಳು.

ಲುತ್ವಾಮನಿಗೆ ಕಂಡದ್ದು ಬೇರೆ. ಯಾವುದೋ ಹಳ್ಳಿಯ ಮುದುಕಿ ತನ್ನ ಅಂಗಡಿಯ ನಡುವೆ ನಿಂತು ಮಾಸ್ಕ್ ಬಿಚ್ಚುತ್ತಿದ್ದಾಳೆ.

"ಏಯ್ ಮುದುಕಿ! ಒಳಗೆ ಬಂದು ಬಿಚ್ತೀಯಾ? ತಲೆ ಕೆಟ್ಟಿದೆಯಾ ನಿಂಗೆ?"

ಅವಳು ಇನ್ನಷ್ಟು ಗೋಡೆಯ ಕಡೆಗೆ ತಿರುಗಿದಳು.

"ಕಿವೀನೂ ಇಲ್ವಾ? ಮೇಲೆ ಎಳ್ಕೋ ಅಂದೆ!" ಲುತ್ವಾಮ ಎದ್ದು ನಿಂತ. "ಹಳ್ಳಿಯಿಂದ ಕೊಳೆ ಹೊತ್ಕೊಂಡು ಬರ್ತೀರಿ, ರೋಗ ಹೊತ್ಕೊಂಡು ಬರ್ತೀರಿ. ಸಾಯೋ ವಯಸ್ಸಾಗಿದೆ, ಮನೇಲೇ ಬಿದ್ದು ಸಾಯೋಕೇನು? ನನ್ನ ಅಂಗಡೀಗೆ ಬೀಗ ಹಾಕಿಸಿಯೇ ಸಾಯ್ಬೇಕಾ?"

ಯಾರೋ ಕಿಸಕ್ಕನೆ ನಕ್ಕರು. ನಗು ಕೇಳಿದರೆ ಲುತ್ವಾಮನಿಗೆ ಹುರುಪು. ಗಲ್ಲಾ ಬಳಸಿ ಬಂದ. ಎರಡು ಬೆರಳಿನಲ್ಲಿ ಅವಳ ಮಾಸ್ಕ್ ಹಿಡಿದು ಮೂಗು ದಾಟಿ ಕಣ್ಣು ಮುಚ್ಚುವ ತನಕ ಮೇಲಕ್ಕೆಳೆದ. "ಹೀಗೆ! ಹೀಗೆ ಹಾಕ್ಕೊಳ್ಳೋದು!" ಎಂದು ಭುಜ ಹಿಡಿದು ಬಾಗಿಲ ಕಡೆಗೆ ತಳ್ಳಿದ. ಬುಟ್ಟಿ ಬಿತ್ತು. ಅದರೊಳಗಿದ್ದ ಹಸಿರು ಸೊಪ್ಪಿನ ಕಟ್ಟುಗಳು ಹಿಟ್ಟು ಚೆಲ್ಲಿದ ನೆಲದ ಮೇಲೆ ಹರಡಿದವು. ಎಳೆಮಗುವಿನ ಸ್ನಾನದ ನೀರಿಗೆ ಹಾಕುವ ಸೊಪ್ಪುಗಳು.

ಗಲಾಟೆ ಕೇಳಿ ಹೊರಗೆ ಬಂದ ಕೆವಿನಾಳ ಕೈಯಿಂದ ತಕ್ಕಡಿಯ ಬೋಗುಣಿ ಜಾರಿತು.

"ಅಯ್ಯೋ ದೇವರೇ! ಕೈ ತೆಗೀರಿ! ನಬಕೋಜನ ತಾಯಿ ಅವರು!"

ತಿಯೋಪಿಸ್ತಾ ಕಣ್ಣಿನ ಮೇಲಿದ್ದ ಮಾಸ್ಕನ್ನು ತಾನೇ ಕೆಳಗಿಳಿಸಿ, ಮೂಗು ಬಾಯಿ ಮುಚ್ಚುವಂತೆ ಸರಿಮಾಡಿಕೊಂಡಳು. ಭುಜದ ಮಡಿಕೆ ನೇರ ಮಾಡಿಕೊಂಡಳು. ಬುಟ್ಟಿಯ ಕಡೆ ನೋಡಲಿಲ್ಲ. ಜನ ಬಿಟ್ಟ ದಾರಿಯಲ್ಲಿ ಹೊರಗೆ ನಡೆದು, ಇಳಿಜಾರು ಹತ್ತಿ, ಬಂದ ನಿಲ್ದಾಣದ ಕಡೆಗೇ ಹೋದಳು.

ಲುತ್ವಾಮ ಹಿಟ್ಟಿನ ಮೂಟೆಗಳ ಹಿಂದೆ ಕುಕ್ಕರುಗಾಲಲ್ಲಿ ಕುಳಿತು ಖಾಲಿ ಗೋಣಿಚೀಲದಿಂದ ತಲೆ ಮುಚ್ಚಿಕೊಂಡಿದ್ದ. ಹಣೆಯ ಮೇಲೆ ಮಾಸ್ಕ್ ಏರಿಸಿದ್ದ ಬೋಡಾ ಹುಡುಗನೊಬ್ಬ ಗಲ್ಲಾದ ಮೇಲಿಂದ ಬಗ್ಗಿ ನೋಡಿ, "ಯಜಮಾನ್ರೇ, ಈಗ ಮುಚ್ಕೊಂಡ್ರೆ ಏನು ಬಂತು?" ಎಂದ.

ಗಿರಾಕಿಗಳು ಒಬ್ಬೊಬ್ಬರೇ ಕರಗಿದರು. ಕೆವಿನಾ ಸೊಪ್ಪನ್ನು ಆಯ್ದು ಬುಟ್ಟಿಗೆ ತುಂಬಿ ಅವನ ಮುಂದೆ ಇಟ್ಟಳು.

"ಕೆವಿನಾ, ಮನೇಲಿ ಹೇಳ್ಬೇಡ" ಎಂದ ಲುತ್ವಾಮ.

"ನಾನು ಹೇಳಲ್ಲ. ಆದ್ರೆ ಇಷ್ಟು ಜನರ ಬಾಯಿ ಮುಚ್ಚೋ ಮಾಸ್ಕ್ ನಿಮ್ಮ ಹತ್ರ ಇದೆಯಾ?"

ಮನೆಯಲ್ಲಿ ನಬಕೋಜ ಹೊಸ ಚಾಪೆ ಹಾಸಿದ್ದಳು. ಬಾಳೆ ಎಲೆಯಲ್ಲಿ ಕಟ್ಟಿದ ಮಟೋಕೆ ಬಾಳೆಕಾಯಿ ಒಲೆಯ ಮೇಲೆ ಬೇಯುತ್ತಿತ್ತು. ಮಗುವಿಗೆ ಬಿಳಿ ಟೊಪ್ಪಿಗೆ ತೊಡಿಸಿ ಮಡಿಲಲ್ಲಿ ಇಟ್ಟುಕೊಂಡು ಬಾಗಿಲನ್ನೇ ನೋಡುತ್ತಾ ಕುಳಿತಿದ್ದಳು. ಗಂಡ ಬಂದದ್ದು ನೋಡಿ ಗಾಬರಿಯಾದಳು.

"ನೀವ್ಯಾಕೆ ಬಂದ್ರಿ? ಅಮ್ಮ ಈಗ ಬರ್ತಾಳೆ!"

"ಯಾರೋ ಈ ಬುಟ್ಟಿ ಅಂಗಡೀಲಿ ಕೊಟ್ಟು ಹೋದ್ರು" ಎಂದ ಅವನು. ಅಷ್ಟು ಹೇಳಲು ಅವನಿಗೆ ನೆಲ ನೋಡಬೇಕಾಯಿತು.

ಬುಟ್ಟಿ ಬಂತು, ನೀನೆಲ್ಲಿ ಎಂದು ನಬಕೋಜ ತಾಯಿಗೆ ಫೋನ್ ಮಾಡಿದಳು. ಫೋನಿನ ದನಿ ಲುತ್ವಾಮನಿಗೂ ಕೇಳುವಷ್ಟು ಜೋರಾಗಿತ್ತು. ದಾರಿಯಲ್ಲಿ ತಲೆ ಸುತ್ತಿದ ಹಾಗಾಯಿತು, ಮಸಾಕಾದಿಂದಲೇ ವಾಪಸು ಹೊರಟೆ, ಬುಟ್ಟಿಯನ್ನು ಗುರುತಿನ ಒಬ್ಬರ ಕೈಯಲ್ಲಿ ಕಳಿಸಿದ್ದೇನೆ ಎಂದಳು ತಿಯೋಪಿಸ್ತಾ. ಮಗು ಹಾಲು ಸರಿಯಾಗಿ ಕುಡಿಯುತ್ತಾ ಎಂದು ಕೇಳಿದಳು. ಅಳಿಯನ ಆರೋಗ್ಯ ಹೇಗಿದೆ ಎಂದೂ ಕೇಳಿದಳು. ಅವಳು ಹೆಸರು ಹಿಡಿದು ಶಾಪ ಹಾಕಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅವನು ಎದ್ದು ಹಿತ್ತಲಿಗೆ ಹೋದ.

ಸಂಜೆ ಬಿಸಿಲಿರುವಾಗಲೇ ನಬಕೋಜ ಬೋಗುಣಿಯಲ್ಲಿ ಸೊಪ್ಪಿನ ನೀರು ಮಾಡಿ ಹಿತ್ತಲಿನಲ್ಲಿ ಮಗುವನ್ನು ಸ್ನಾನಕ್ಕೆ ಇಳಿಸಿದಳು. ಲುತ್ವಾಮ ಪಕ್ಕದಲ್ಲಿ ಟವೆಲ್ ಹಿಡಿದು ಕುಳಿತಿದ್ದ. ಅವಳು ಒಂದು ಕಟ್ಟನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದರಲ್ಲಿ ಹಿಟ್ಟು ಮೆತ್ತಿದೆಯಲ್ಲ. ನಮ್ಮಮ್ಮ ಸೊಪ್ಪು ತೊಳೀದೆ ಕಳಿಸೋಳಲ್ಲ."

"ನೆಲಕ್ಕೆ ಬಿತ್ತು."

"ಯಾರ ಕೈಯಿಂದ?"

ಲುತ್ವಾಮ ಟವೆಲ್ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. "ನಿಮ್ಮಮ್ಮನ ಕೈಯಿಂದ. ಅವರು ಅಂಗಡಿಗೆ ಬಂದಿದ್ರು. ಮಾಸ್ಕ್ ಕೆಳಗಿತ್ತು. ನಂಗೆ ಗುರುತು ಸಿಗ್ಲಿಲ್ಲ, ನಬಕೋಜ. ನಾನು… ಮಾಸ್ಕ್ ಮೇಲೆ ಎಳೆದೆ."

"ನೀವಾ? ನಿಮ್ಮ ಕೈಯಿಂದ?"

"ಹೂಂ."

"ಅವಳ ಮುಖದ ಮೇಲೆ?"

ಅವನು ತಲೆಯಾಡಿಸಿದ. ನೀರಿನಲ್ಲಿ ಅವಳ ಕೈ ನಿಂತಿತು. ಮಗು ಕಾಲು ಬಡಿಯುತ್ತಿತ್ತು.

"ಬೇರೆ ಏನಾದ್ರೂ ಅಂದ್ರಾ?"

"ಏನಿಲ್ಲ. ಮಾಸ್ಕ್ ಹಾಕ್ಕೊಳ್ಳಿ ಅಮ್ಮ ಅಂದೆ, ಅಷ್ಟೇ."

ಆ 'ಹಾಕ್ಕೊಳ್ಳಿ'ಯನ್ನೂ ಆ 'ಅಮ್ಮ'ನನ್ನೂ ಅವನು ಆಗಷ್ಟೇ ಹೊಸದಾಗಿ ಸೇರಿಸಿದ್ದ.

ಅವನ ಕೈಯ ಟವೆಲ್ಲಿಗೆ ಕಾಯದೆ ನಬಕೋಜ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ನಡೆದಳು. ಮರುದಿನ ತನ್ನ ಸೋದರತ್ತೆ ಪೆರ್ಪೆತುವಾಗೆ ಫೋನ್ ಮಾಡಿ ಅತ್ತಳು. ನಮ್ಮಲ್ಲಿ ಗಂಡ ಹೆಂಡಿರ ನಡುವಿನದಾಗಲಿ, ಬೀಗರ ನಡುವಿನದಾಗಲಿ, ಬಿಡಿಸುವ ಕೆಲಸ ಸೋದರತ್ತೆಯದು. ಪೆರ್ಪೆತುವಾ ಎಲ್ಲ ಕೇಳಿಕೊಂಡು ಒಂದು ದಾರಿ ಹೇಳಿದಳು. ಭಾನುವಾರ ಲುತ್ವಾಮ ಬಿಳಿ ಹುಂಜ, ಮರದ ತೊಗಟೆಯ ಹೊಸ ಬಟ್ಟೆ, ಸಕ್ಕರೆ, ಸಾಬೂನು ಹಿಡಿದು ಹಳ್ಳಿಗೆ ಬರಬೇಕು. ಅಂಗಳದಲ್ಲಿ ದೂರ ಕೂರಬೇಕು. ತಪ್ಪು ಒಪ್ಪಿಕೊಳ್ಳಬೇಕು. ಮುಟ್ಟಿದ ದೋಷ ಅಲ್ಲಿಗೆ ಕಳೆಯುತ್ತದೆ. ಇದನ್ನು ಕೇಳಿ ಲುತ್ವಾಮನ ಎದೆ ಸ್ವಲ್ಪ ಹಗುರಾಯಿತು. ಹುಂಜವನ್ನು ತಾನೇ ಆರಿಸಿದ. ಪೇಟೆಯಲ್ಲಿ ಆಗಲೇ ಎಲ್ಲರ ಬಾಯಲ್ಲೂ ಅವನ ಕಥೆ ಓಡಾಡುತ್ತಿತ್ತು. ಅವನು ಹೋದಲ್ಲೆಲ್ಲ ಜನ ಸುಮ್ಮನಾಗುತ್ತಿದ್ದರು, ದಾಟಿದ ಮೇಲೆ ನಗುತ್ತಿದ್ದರು.

ಭಾನುವಾರ ಗಂಡ ಹೆಂಡತಿ ಮಗು ಮೂವರೂ ಹೋದರು. ತಿಯೋಪಿಸ್ತಾಳ ಮನೆ ಕಾಫಿ ಗಿಡಗಳ ನಡುವೆ ಇತ್ತು. ಅಂಗಳದ ಅಂಚಿನ ಹಲಸಿನ ಮರದ ಕೆಳಗೆ ಲುತ್ವಾಮನಿಗೆ ಚಾಪೆ ಹಾಕಿದ್ದರು. ಅವನು ಮನೆಗೆ ಬೆನ್ನು ಮಾಡಿ ಕುಳಿತ. ಅತ್ತೆ ಒಳಗೆ, ಪರದೆಯ ಹಿಂದೆ. ಆ ಹಳ್ಳಿಯಲ್ಲಿ ಒಬ್ಬರ ಮುಖದ ಮೇಲೂ ಮಾಸ್ಕ್ ಇರಲಿಲ್ಲ. ಲುತ್ವಾಮ ಮಾತ್ರ ಕಣ್ಣಿನ ಕೆಳಗಿನವರೆಗೂ ಬಿಗಿಯಾಗಿ ಹಾಕಿಕೊಂಡು ಬಂದಿದ್ದ.

"ಅದನ್ನ ತೆಗೀಬಾರ್ದಾ? ಇಲ್ಲಿ ಬೀಗ ಹಾಕೋರು ಯಾರಿದಾರೆ?" ಎಂದಳು ಪೆರ್ಪೆತುವಾ. ದಪ್ಪನೆಯ, ಗಟ್ಟಿ ಗಂಟಲಿನ ಹೆಂಗಸು.

"ಇರಲಿ ಬಿಡಿ" ಎಂದ ಅವನು. ಮುಖದ ಅಷ್ಟು ಭಾಗವಾದರೂ ಮುಚ್ಚಿರಲಿ ಎನ್ನಿಸಿತ್ತು ಅವನಿಗೆ.

ನಬಕೋಜ ಮಗುವನ್ನು ಒಳಗೆ ಕೊಟ್ಟು ಬಂದು ಬಾಗಿಲ ಪಕ್ಕ ನಿಂತಳು. ಒಳಗಿನಿಂದ ತಿಯೋಪಿಸ್ತಾಳ ದನಿ ಕೇಳಿಸಿತು, ಮಗುವಿಗೆ ಮಾತ್ರ ಆಡುವ ಅರ್ಥವಿಲ್ಲದ ಮುದ್ದು ಮಾತುಗಳು. ಅವು ನಿಲ್ಲುವ ತನಕ ಎಲ್ಲರೂ ಕಾದರು. ಆಮೇಲೆ ಲುತ್ವಾಮ ಹುಂಜವನ್ನೂ ಬಟ್ಟೆಯನ್ನೂ ಪೆರ್ಪೆತುವಾಳ ಕೈಗೆ ಕೊಟ್ಟು, ದಾರಿಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಹೇಳಿದ. ಕೈ ತಪ್ಪು ಮಾಡಿತು. ಕಣ್ಣಿಗೆ ಗುರುತು ಸಿಗಲಿಲ್ಲ. ಅತ್ತೆಯವರು ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು.

ಪೆರ್ಪೆತುವಾ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಹುಂಜ ಇರಲಿಲ್ಲ.

"ಹುಂಜ ತಗೊಂಡಿದಾಳೆ, ಬಟ್ಟೆ ತಗೊಂಡಿದಾಳೆ" ಎಂದಳು. "ಮುಟ್ಟಿದ್ದು ಮುಗೀತು, ನಿನ್ನ ಕೈಗೆ ಏನೂ ಆಗಲ್ಲ. ಆದ್ರೆ ಒಂದು ಮಾತು ಕೇಳ್ತಿದಾಳೆ. ನಾನು ನಡುವಿನೋಳು, ಮಾತು ಬದಲಾಯಿಸೋ ಹಾಗಿಲ್ಲ, ಅವಳು ಹೇಳಿದ ಹಾಗೇ ಹೇಳ್ತೀನಿ. 'ಕೈಯ ವಿಷಯ ಒಪ್ಕೊಂಡಿದಾನೆ, ಸರಿ. ಬಾಯಿಯ ವಿಷಯ ಯಾರಿಗಾದ್ರೂ ಹೇಳಿದಾನಾ?'"

ಬಾಗಿಲ ಬಳಿಯಿಂದ ನಬಕೋಜ, "ಬಾಯಿಯದೇನು, ಅತ್ತೆ?" ಎಂದಳು.

ಪೆರ್ಪೆತುವಾ ಅಂಗಡಿಯಲ್ಲಿ ಅವನು ಆಡಿದ್ದ ಒಂದೊಂದು ಮಾತನ್ನೂ, ಕೊಳೆಯನ್ನೂ ರೋಗವನ್ನೂ ಮನೆಯಲ್ಲೇ ಬಿದ್ದು ಸಾಯುವುದನ್ನೂ, ಏರಿಳಿತವಿಲ್ಲದ ದನಿಯಲ್ಲಿ ಸಾಲಾಗಿ ಹೇಳಿದಳು. ಅಂಗಡಿಯಲ್ಲಿ ನಗು ತಂದಿದ್ದ ಆ ಮಾತುಗಳು ಈ ಅಂಗಳದಲ್ಲಿ ಬೇರೆ ಯಾರೋ ಆಡಿದಂತೆ ಕೇಳಿಸಿದವು. ನಬಕೋಜಳ ಕಡೆ ನೋಡುವ ಧೈರ್ಯ ಅವನಿಗೆ ಬರಲಿಲ್ಲ. ಪರದೆ ಸರಿದ ಸದ್ದಾಯಿತು. ಅವಳು ಒಳಗೆ ಹೋಗಿದ್ದಳು.

"ಇನ್ನೂ ಇದೆ" ಎಂದಳು ಪೆರ್ಪೆತುವಾ. "'ಮಗು ನೋಡೋಕೆ ಹೋಗೋಳು ರೋಗ ತಗೊಂಡು ಹೋಗ್ಬಾರ್ದು ಅಂತ ಗೋಮೆಸಿಯ ಉಳಿದ ಬಟ್ಟೇಲಿ ನಾನೇ ಹೊಲ್ಕೊಂಡೆ. ಉಸಿರು ಕಟ್ಟಿದ್ರೂ ದಾರಿಯುದ್ದಕ್ಕೂ ಬಿಚ್ಚಲಿಲ್ಲ. ಅವನ ಮುಂದೆ ಮಾತ್ರ ಬಿಚ್ಚಿದೆ, ಅವನ ಮರ್ಯಾದೆ ಉಳೀಲಿ ಅಂತ. ಅವನ ಮಾಸ್ಕ್ ಗದ್ದದ ಕೆಳಗಿತ್ತು. ಕೂಗ್ತಾ ಇದ್ರೆ ಎಂಜಲು ನನ್ನ ಕಣ್ಣಿಗೆ ಹಾರ್ತಿತ್ತು. ನಾನು ಅವನ ಅತ್ತೆ ಅಂತ ಗೊತ್ತಿರಲಿಲ್ಲ ಅಂತಾನೆ. ನಂಬ್ತೀನಿ. ಹಾಗಾದ್ರೆ ಗೊತ್ತಿಲ್ಲದ ಹೆಂಗಸಿನ ಹತ್ರ ಅವನು ಮಾತಾಡೋದೇ ಹಾಗೆ ಅಂತಾಯ್ತು. ನನಗೆ ಹುಂಜ ತಂದಿದಾನೆ. ಅವನಿಗೆ ಅತ್ತೆ ಆಗದೇ ಇರೋ ಮುದುಕೀರಿಗೆ ಏನು ತಗೊಂಡ್ ಹೋಗ್ತಾನೆ, ಕೇಳು.'"

ಪೆರ್ಪೆತುವಾ ಸೆರಗಿನಿಂದ ಮುಖ ಒರೆಸಿಕೊಂಡು ನಿಂತಳು. ಉತ್ತರ ಒಯ್ಯಬೇಕಾಗಿತ್ತು ಅವಳು.

ಲುತ್ವಾಮನಿಗೆ ಇದ್ದಿಲಿನ ಹೆಂಗಸರು ನೆನಪಾದರು. ಬೆತ್ತ ಎತ್ತಿದಾಗ ಪಕ್ಕಕ್ಕೆ ಸರಿದು, ಹೊರಗಿನಿಂದಲೇ ಕೈ ಚಾಚಿ ಉಪ್ಪು ಕೇಳಿದವಳು ನೆನಪಾದಳು. ಕೆಮ್ಮಿದಳೆಂದು ಅವನು ಅಟ್ಟಿದ ಇನ್ನೊಬ್ಬಳು, ಅವಳ ಕೈ ಹಿಡಿದಿದ್ದ ಪುಟ್ಟ ಹುಡುಗಿ. ಒಬ್ಬಳ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಅವರ ನೆನಪಿನಿಂದ ಒಂದು ಹೊತ್ತಿನ ಊಟವನ್ನೂ ಅವನು ಬಿಟ್ಟಿರಲಿಲ್ಲ. ಅತ್ತೆಯೆಂದು ತಿಳಿಯದೇ ಹೋಗಿದ್ದರೆ ಆ ಗುರುವಾರವನ್ನೂ ಅವನು ಸಂಜೆ ಮನೆಯಲ್ಲಿ ತಮಾಷೆಯಾಗಿ ಹೇಳಿರುತ್ತಿದ್ದ. ನಬಕೋಜಳನ್ನು ನಗಿಸಲು ಮುದುಕಿಯ ಮುಖ ಹೇಗಾಯಿತು ಎಂದು ನಟಿಸಿಯೂ ತೋರಿಸುತ್ತಿದ್ದ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಾಸ್ಕಿನೊಳಗೆ ಅವನ ಉಸಿರು ಬಿಸಿಯಾಗಿ ಅವನ ಮುಖಕ್ಕೇ ಬಡಿಯುತ್ತಿತ್ತು.

"ಏನು ಹೇಳ್ಲಿ?" ಎಂದಳು ಪೆರ್ಪೆತುವಾ.

"ಹೇಳೋಕೆ ಏನೂ ಇಲ್ಲ ಅಂತ ಹೇಳಿ."

"ಇಷ್ಟೇನಾ?"

"ಇಷ್ಟೇ."

"ನೋಡಪ್ಪ, ಕೈಗೆ ನಮ್ಮಲ್ಲಿ ಹುಂಜ ಇದೆ, ಬಟ್ಟೆ ಇದೆ. ಇದಕ್ಕೆ ಏನು ಮಾಡ್ಬೇಕು ಅಂತ ನಮ್ಮ ಹಿರಿಯರು ನಂಗೆ ಹೇಳ್ಕೊಟ್ಟಿಲ್ಲ" ಎಂದು ಅವಳು ಒಳಗೆ ಹೋದಳು.

ಊಟ ಬಂತು. ಬಾಳೆ ಎಲೆಯಲ್ಲಿ ಬೇಯಿಸಿದ ಕೋಳಿ, ಮಟೋಕೆ, ಕಡಲೆಕಾಯಿ ಸಾರು. ಅಳಿಯನಿಗೆ ಕೊಡಬೇಕಾದ ಮರ್ಯಾದೆಯಲ್ಲಿ ತಿಯೋಪಿಸ್ತಾ ಏನನ್ನೂ ಕಡಿಮೆ ಮಾಡಿರಲಿಲ್ಲ, ಕೋಳಿಯ ಒಳ್ಳೆಯ ತುಂಡುಗಳೇ ಅವನ ಎಲೆಯಲ್ಲಿದ್ದವು. ತಿನ್ನಲು ಮಾಸ್ಕ್ ತೆಗೆಯಲೇಬೇಕಾಯಿತು. ಮರಕ್ಕೆ ಮುಖ ಮಾಡಿಕೊಂಡು ತಿಂದ.

ಹೊರಡುವ ಹೊತ್ತಿಗೆ ನಬಕೋಜ ಬರಿಗೈಯಲ್ಲಿ ಅಂಗಳಕ್ಕೆ ಬಂದಳು.

"ಮಗು ಮಲಗಿದೆ, ಅಮ್ಮನ ಎದೆ ಮೇಲೆ. ನಾವಿಬ್ರೂ ಸ್ವಲ್ಪ ದಿನ ಇಲ್ಲೇ ಇರ್ತೀವಿ."

"ಎಷ್ಟು ದಿನ?"

"ನೋಡೋಣ." ಒಂದು ಹೆಜ್ಜೆ ಹೋಗಿ ತಿರುಗಿದಳು. "'ಹಾಕ್ಕೊಳ್ಳಿ ಅಮ್ಮ' ಅಂದೆ ಅಂದ್ರಲ್ಲ. ಅದನ್ನಾದ್ರೂ ಹೇಳ್ದೆ ಇರಬಹುದಿತ್ತು."

ಅವನು ಒಬ್ಬನೇ ವಾಪಸು ಬಂದ.

ಮರುದಿನ ಬೆತ್ತವನ್ನು ಮುರಿದು ಒಲೆಗೆ ಹಾಕಿದ. ಬಾಗಿಲಿಗೆ ಅಡ್ಡಲಾಗಿ ಒಂದು ಬೆಂಚು ಇಟ್ಟು, ಯಾರೂ ಒಳಗೆ ಬರದೆ ಹೊರಗಿನಿಂದಲೇ ಸಾಮಾನು ಕೊಳ್ಳುವ ಏರ್ಪಾಡು ಮಾಡಿದ. ಮಾಸ್ಕ್ ಇದ್ದವರಿಗೂ ಇಲ್ಲದವರಿಗೂ ಎದ್ದು ಬಂದು ಕೊಡುತ್ತಿದ್ದ. ತನ್ನ ಮಾಸ್ಕನ್ನು ಬೆಳಗಿನಿಂದ ಸಂಜೆಯವರೆಗೆ ಗದ್ದಕ್ಕೆ ಇಳಿಸುತ್ತಿರಲಿಲ್ಲ. ಇದ್ದಿಲಿನ ಹೆಂಗಸರು ಬಂದರೆ ಅವನಿಗೆ ಏನೋ ಹೇಳಬೇಕೆನಿಸುತ್ತಿತ್ತು. ಬಾಯಿಗೆ ಬರುತ್ತಿದ್ದದ್ದು "ಇನ್ನೇನು ಬೇಕು ಅಮ್ಮ?" ಎಂಬುದಷ್ಟೇ. ಅವರು ಮೊದಲ ಕೆಲವು ದಿನ ಬೆಂಚಿನಿಂದ ಎರಡು ಮಾರು ದೂರವೇ ನಿಂತು, ಬೆತ್ತ ಎಲ್ಲಿದೆ ಎಂದು ಕಣ್ಣಿನಲ್ಲೇ ಹುಡುಕುತ್ತಿದ್ದರು.

ನಬಕೋಜ ಕಾಫಿ ಕೊಯ್ಲು ಮುಗಿದ ಮೇಲೆ ಬಂದಳು. ಮೊದಲಿನಂತೆ ಅಡಿಗೆ ಮಾಡಿದಳು, ಮಗುವನ್ನು ಅವನ ಮಡಿಲಿಗೆ ಕೊಟ್ಟಳು, ಆ ವಿಷಯ ಎತ್ತಲಿಲ್ಲ. ಆದರೆ ಅಂಗಡಿಯ ತಮಾಷೆಗಳನ್ನು ಅವನು ಮನೆಗೆ ತಂದು ಹೇಳುವುದು ಅಲ್ಲಿಗೆ ನಿಂತಿತು. ಹೇಳಲು ಬಾಯಿ ತೆರೆದರೆ ಅವಳು ಮುಖ ಎತ್ತಿ ಅವನನ್ನು ನೋಡುತ್ತಿದ್ದಳು. ಅಷ್ಟಕ್ಕೇ ಅವನ ಮಾತು ಒಳಗೇ ಉಳಿಯುತ್ತಿತ್ತು.

ಪೇಟೆ ಮಾತ್ರ ಸುಲಭಕ್ಕೆ ಬಿಡಲಿಲ್ಲ. ಪಕ್ಕದಲ್ಲಿ ಫೋನ್ ರಿಪೇರಿ ಮಾಡುವ ಕಸುಜ್ಜನಿಗಂತೂ ಅದು ದಿನದ ಆಟವಾಯಿತು. ಒಂದು ದಿನ ಯಾವುದೋ ದೂರದ ಹಳ್ಳಿಯ ಮುದುಕಿ, ಮಾಸ್ಕೂ ಇಲ್ಲ ಏನೂ ಇಲ್ಲ, ಬೆಂಚಿನ ಹತ್ತಿರ ಬಂದು ಸಾಬೂನು ಕೇಳಿದಳು. ಲುತ್ವಾಮ ಎದ್ದು ಬಂದು, ಅವಳ ಮುಖವನ್ನು ಒಮ್ಮೆ ಸರಿಯಾಗಿ ನೋಡಿ, ಸಾಬೂನು ಕತ್ತರಿಸತೊಡಗಿದ.

"ಲುತ್ವಾಮ! ಇವರು ನಿಮ್ಮತ್ತೆ ಅಲ್ಲ ಕಣೋ, ವಿಚಾರಿಸಿದೀನಿ! ಧೈರ್ಯವಾಗಿ ಬೈಯಿ!" ಎಂದು ಕಸುಜ್ಜ ಕೂಗಿದ. ಸಾಲಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು.

ಮುದುಕಿ ಅತ್ತಿತ್ತ ನೋಡಿದಳು. ತನ್ನನ್ನು ನೋಡಿ ನಗುತ್ತಿದ್ದಾರೆ ಎಂದುಕೊಂಡು ಗೋಮೆಸಿ ಸರಿಮಾಡಿಕೊಂಡಳು.

"ಯಾಕಪ್ಪ ನಗ್ತಾರೆ? ನಾನೇನು ತಪ್ಪು ಮಾಡ್ದೆ?"

"ನಿಮ್ಮದೇನೂ ಇಲ್ಲ ಅಮ್ಮ" ಎಂದ ಲುತ್ವಾಮ, ಸಾಬೂನನ್ನು ಕಾಗದದಲ್ಲಿ ಸುತ್ತಿ ಎರಡೂ ಕೈಯಲ್ಲಿ ಅವಳಿಗೆ ಕೊಡುತ್ತಾ. "ಅವರು ನನ್ನನ್ನ ನೋಡಿ ನಗ್ತಿರೋದು."